ಬೆಕ್ಕಿಗೆಲ್ಲಿಯ ಪಂಕ್ತಿಭೋಜನ?

ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ: ಭೀಮ, ಕಾಳಿ, ಬೆಳ್ಳಿ. ಎರಡು ವರ್ಷ ಮೂರಕ್ಕೂ ಒಂದೇ ಸ್ಟೀಲ್ ತಟ್ಟೆಯಲ್ಲಿ ಹಾಕಿದ್ದೇನೆ. ಬೆಳಿಗ್ಗೆ ಏಳಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ, ಅಡುಗೆಮನೆ ಕಟ್ಟೆಯ ಕೆಳಗೆ. ಮೂರು ತಲೆ ಒಂದೇ ತಟ್ಟೆಗೆ ಬಾಗುವುದನ್ನು ಮನೆಗೆ ಬಂದವರೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು, “ಎಷ್ಟು ಹೊಂದಿಕೊಂಡಿವೆ ನೋಡಿ, ಮನುಷ್ಯರಿಗಿಂತ ವಾಸಿ” ಎನ್ನುತ್ತಿದ್ದರು. ನಾನೂ ಒಳಗೊಳಗೇ ಬೀಗುತ್ತಿದ್ದೆ. ಒಮ್ಮೆ ಲಸಿಕೆ ಹಾಕಿಸಲು ಮೂರನ್ನೂ ಒಟ್ಟಿಗೆ ಕರೆದೊಯ್ದಾಗ ಡಾಕ್ಟರು ಒಂದೊಂದನ್ನೇ ತೂಕದ ಯಂತ್ರದ ಮೇಲೆ ಕೂರಿಸಿದರು. ಭೀಮ 6 ಕಿಲೋ 200 ಗ್ರಾಂ. ಕಾಳಿ ಮೂರೂವರೆ. ಬೆಳ್ಳಿ 2 ಕಿಲೋ 600. “ಒಟ್ಟಿಗೇ ಹಾಕ್ತೀರಾ ಇವಕ್ಕೆ?” ಎಂದು ಡಾಕ್ಟರು ಕೇಳಿದ್ದು ಅಷ್ಟೇ. ಬೆಳ್ಳಿಯ ಮೈತುಂಬ ಉದ್ದ ಕೂದಲು. ಅದರಡಿಯ ಬೆನ್ನುಮೂಳೆ ನನ್ನ ಕೈಗೆ ಸಿಕ್ಕಿದ್ದೇ ಅವತ್ತು.

ಅಂದು ರಾತ್ರಿ ತಟ್ಟೆ ಇಟ್ಟು, ಪಾತ್ರೆ ತೊಳೆಯಲು ಹೋಗದೆ, ನೆಲಕ್ಕೆ ಕೂತು ನೋಡಿದೆ. ಭೀಮ ತಟ್ಟೆಯ ನಡುವಿಗೇ ಬಾಯಿ ಹಾಕಿದ. ಅವನದು ಅಗಿಯುವ ಊಟವಲ್ಲ, ನುಂಗುವ ಊಟ. ಕಾಳಿ ಪಕ್ಕದಿಂದ ಪಂಜ ಚಾಚಿ ಒಂದೊಂದೇ ತುಣುಕನ್ನು ನೆಲಕ್ಕೆ ಎಳೆದುಕೊಂಡು, ಎರಡು ಗೇಣು ದೂರ ಒಯ್ದು ತಿಂದಳು. ಇದನ್ನು ನಾನು ಇಷ್ಟು ದಿನ ಚೆಲ್ಲಾಟ ಎಂದುಕೊಂಡು ಬೈದು ನೆಲ ಒರೆಸಿದ್ದೆ. ಬೆಳ್ಳಿ ನಾಲ್ಕು ಬಾಯಿ ತಿಂದಿರಬಹುದು. ಭೀಮ ತಲೆ ಎತ್ತಿ ಅವಳನ್ನು ನೋಡಿದ. ಗುರುಗುಟ್ಟಲಿಲ್ಲ, ಪಂಜ ಎತ್ತಲಿಲ್ಲ, ನೋಡಿದ ಅಷ್ಟೆ. ಅವಳು ಹಿಂದೆ ಸರಿದು, ನಮಗೆಲ್ಲ ಬೆನ್ನು ಹಾಕಿ, ಭುಜ ನೆಕ್ಕಿಕೊಳ್ಳತೊಡಗಿದಳು. ಹೊಟ್ಟೆ ತುಂಬಿದವರ ಹಾಗೆಯೇ ಕಾಣುತ್ತಿತ್ತು. ಹತ್ತು ನಿಮಿಷಕ್ಕೆ ಭೀಮ ಕಾಲೊರಸಿನ ಮೇಲೆ ತಿಂದದ್ದನ್ನೆಲ್ಲ ಕಕ್ಕಿದ. ಒಣ ಕಾಳುಗಳು ಆಕಾರ ಕೂಡ ಕೆಡದೆ ಹೊರಬಂದಿದ್ದವು.

ಎರಡು ವರ್ಷ ನಾನು ಅನ್ಯೋನ್ಯ ಎಂದು ಕರೆದದ್ದು ಇದನ್ನು.

ಈ ತಪ್ಪು ಓದಿಗೆ ಕಾರಣ ನಮ್ಮಲ್ಲೇ ಇದೆ. ಊಟವೆಂದರೆ ನಮಗೆ ಪಂಕ್ತಿ. ಮದುವೆಯ ಎಲೆಯೂಟವಿರಲಿ, ಮಠದ ದಾಸೋಹವಿರಲಿ, ಪಕ್ಕದಲ್ಲಿ ಕೂತು ಉಣ್ಣುವುದೇ ಸಂಬಂಧ. ಕೂರಿಸದಿರುವುದು ಅವಮಾನ, ಸಹಪಂಕ್ತಿಗಾಗಿ ನಮ್ಮಲ್ಲಿ ಹೋರಾಟಗಳೇ ನಡೆದಿವೆ. ಮನುಷ್ಯರ ಮಟ್ಟಿಗೆ ಅದು ದೊಡ್ಡ ಮೌಲ್ಯ, ತಕರಾರಿಲ್ಲ. ಬೆಕ್ಕಿನ ಮೇಲೆ ಹೇರಿದರೆ ಮಾತ್ರ ಅದು ಶಿಕ್ಷೆ.

ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಒಂಟಿಯಾಗಿ ಹೊಂಚುವ ಪ್ರಾಣಿ ಅದು. ಸಿಂಹಗಳ ಗುಂಪು ಸೇರಿ ಕಾಡೆಮ್ಮೆಯನ್ನು ಕೆಡವಿದರೆ ಹತ್ತು ಬಾಯಿಗೆ ಸಾಕಾಗುತ್ತದೆ, ಆದ್ದರಿಂದ ಅಲ್ಲಿ ಪಂಕ್ತಿಗೊಂದು ಅರ್ಥವಿದೆ. ಇಲಿಯನ್ನು ಯಾರ ಜೊತೆ ಹಂಚಿಕೊಳ್ಳುವುದು? ಒಂದು ಇಲಿ ಒಂದು ಬೆಕ್ಕಿಗೇ ಪೂರ್ತಿ ಊಟವಲ್ಲ. ಹಾಗಾಗಿ ದಿನಕ್ಕೆ ಹಲವು ಬೇಟೆ, ಹಲವು ಪುಟ್ಟ ಊಟ. ಮನೆಯಲ್ಲೂ ಅದರ ಪಾಡಿಗೆ ಬಿಟ್ಟರೆ ಬೆಕ್ಕು ಹತ್ತಿಪ್ಪತ್ತು ಸಲ ಬಂದು ಒಂದೊಂದು ಚೂರು ತಿಂದುಹೋಗುತ್ತದೆ. ನಾವು ಎರಡೇ ಹೊತ್ತು ತಟ್ಟೆ ಇಟ್ಟು, ಮೂವರನ್ನೂ ಮುಖಕ್ಕೆ ಮುಖ ತಾಗಿಸಿ ಕೂರಿಸುತ್ತೇವೆ. ಬೆಕ್ಕುಗಳ ನಡವಳಿಕೆಯನ್ನು ದಶಕಗಳ ಕಾಲ ಗಮನಿಸಿದ ಜರ್ಮನಿಯ ಪಾಲ್ ಲೈಹೌಸನ್, ಇವುಗಳಲ್ಲಿ ಮೇಲು ಕೀಳು ಎಂಬುದು ಜಾಗ ಮತ್ತು ಹೊತ್ತಿನ ಮೇಲೆ ಬದಲಾಗುತ್ತದೆ ಎಂದಿದ್ದ. ನಮ್ಮ ಮನೆಯಲ್ಲೂ ಹಾಗೆಯೇ: ಕಿಟಕಿಯ ಬಿಸಿಲಿಗೆ ಬೆಳ್ಳಿ ಯಜಮಾನಿ, ಭೀಮ ಅಲ್ಲಿ ದಾರಿ ಬಿಡುತ್ತಾನೆ. ತಟ್ಟೆಯ ಮುಂದೆ ಮಾತ್ರ ಲೆಕ್ಕ ತಿರುವುಮುರುವು. ಜಗಳವನ್ನು ಆದಷ್ಟೂ ತಪ್ಪಿಸುವುದು ಬೆಕ್ಕಿನ ಜಾಯಮಾನ. ಜಗಳವಿಲ್ಲದ್ದನ್ನೇ ಪ್ರೀತಿ ಎಂದು ಓದುವುದು ನಮ್ಮದು.

ಹಂಚಿಕೊಳ್ಳುವುದು ಬೆಕ್ಕಿಗೆ ಗೊತ್ತೇ ಇಲ್ಲ ಎಂದರೆ ಅದೂ ಸುಳ್ಳು. ತಾಯಿಬೆಕ್ಕು ಮರಿಗಳಿಗೆ ಮೊದಲು ಸತ್ತ ಇಲಿ ತರುತ್ತದೆ, ಆಮೇಲೆ ಜೀವವಿರುವುದನ್ನೇ ತಂದು ಬಿಡುತ್ತದೆ. ಕೊಟ್ಟಿಗೆ, ಗೋದಾಮುಗಳಲ್ಲಿ ಗುಂಪಾಗಿರುವ ಅಕ್ಕತಂಗಿ ಬೆಕ್ಕುಗಳು ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡುವುದೂ ಉಂಟು. ಒಟ್ಟಿಗೇ ಬೆಳೆದ ಒಡಹುಟ್ಟುಗಳು ಕೆನ್ನೆಗೆ ಕೆನ್ನೆ ತಾಗಿಸಿ ತಿಂದರೆ ಆಶ್ಚರ್ಯವಿಲ್ಲ. ಆದರೆ ಮರಿ ಬೆಳೆದ ಮೇಲೆ ತಾಯಿಯ ಬಡಿಸುವಿಕೆ ಮುಗಿಯಿತು. ಮಂಗಳೂರಿನ ಮೀನುಗಾರಿಕೆ ಧಕ್ಕೆಗೆ ಹೋಗಿ ನೋಡಿ. ಮೀನಿನ ರಾಶಿ ಇದ್ದಲ್ಲಿ ಬೆಕ್ಕುಗಳೂ ಸೇರುತ್ತವೆ. ಬೂತಾಯಿ ಮೀನೊಂದು ಬಾಯಿಗೆ ಸಿಕ್ಕಿದ ಕ್ಷಣ ಅದನ್ನು ಕಚ್ಚಿಕೊಂಡು ಬುಟ್ಟಿಯ ಹಿಂದೆ, ಬಲೆಯ ಮರೆಗೆ, ಒಂದೊಂದೂ ತನ್ನ ಮೂಲೆಗೆ.

ಶಾಲೆಯಲ್ಲಿ ಓದಿದ ಎರಡು ಬೆಕ್ಕು, ಒಂದು ಕೋತಿಯ ಕತೆ ನೆನಪಾಗುತ್ತದೆ. ಬೆಣ್ಣೆಗಾಗಿ ಕಚ್ಚಾಡಿದ ಬೆಕ್ಕುಗಳಿಗೆ ಮೇಷ್ಟರು ಬುದ್ಧಿ ಹೇಳಿದ್ದೇ ಹೇಳಿದ್ದು. ಬೆಕ್ಕು ಎರಡು, ತುಂಡು ಒಂದೇ, ಇದು ಯಾರ ತಪ್ಪು ಎಂದು ನಾವ್ಯಾರೂ ಕೇಳಲಿಲ್ಲ.

ಸಾಗರದ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಐದಾರು ಬೆಕ್ಕುಗಳಿದ್ದವು. ಹಾಲು ಕರೆದ ಮೇಲೆ ಅಜ್ಜಿ ಗೆರಟೆಗಳಿಗೆ ಹಾಲನ್ನ ಹಾಕುತ್ತಿದ್ದಳು: ಒಂದು ಕೊಟ್ಟಿಗೆಯ ಬಾಗಿಲಲ್ಲಿ, ಒಂದು ಬಚ್ಚಲ ಒಲೆಯ ಹತ್ತಿರ, ಒಂದು ಅಟ್ಟದ ಏಣಿಯಡಿ. ಗೆರಟೆ ಒಂದೊಂದು ಬೆಕ್ಕಿನ ಮೂತಿಗಷ್ಟೇ ಹಿಡಿಸುವಂಥದ್ದು. “ಹೊಟ್ಟೆ ತುಂಬ ಹಾಕಿರೆ ಇಲಿ ಹಿಡಿಯೋದು ಯಾರು?” ಎನ್ನುವುದು ಅವಳ ಶಾಸ್ತ್ರ. ಬಡಿಸುವ ಕ್ರಮದಲ್ಲಿ ಅಜ್ಜಿಗೆ ಪೂರ್ತಿ ಅಂಕ ಕೊಡುತ್ತೇನೆ. ಬಡಿಸಿದ್ದರಲ್ಲಿ ಕೊಡಲಾರೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ್ದು ಬಾಯಿ ಸುಟ್ಟದ್ದಕ್ಕೆ. ಸುಡದಿದ್ದರೂ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸದಲ್ಲಿ. ಅದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆ ಎಂದು ಅಮೆರಿಕದ ಪಶುವೈದ್ಯರು ತೋರಿಸಿಕೊಟ್ಟದ್ದು 1987ರಲ್ಲಿ. ಅಜ್ಜಿಯ ಬೆಕ್ಕುಗಳು ಬದುಕಿದ್ದು ಹಾಲನ್ನದಿಂದಲ್ಲ, ಅಟ್ಟದ ಇಲಿಗಳಿಂದ. ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ ಬಾಗಿಲು ಹಾಕಿ ಸಾಕಿದ ಬೆಕ್ಕಿಗೆ ಮೊಸರನ್ನ ಹಾಕಿ “ನಮ್ಮದು ಶುದ್ಧ ಸಸ್ಯಾಹಾರಿ” ಎಂದು ಹೆಮ್ಮೆಪಡುವವರು ಈ ಅಟ್ಟವನ್ನು ಮರೆತಿರುತ್ತಾರೆ.

ಒಂದೇ ತಟ್ಟೆಯ ಮೇಲೆ ನನ್ನ ದೊಡ್ಡ ಆರೋಪ ಬೇರೆಯೇ. ಯಾರು ತಿನ್ನಲಿಲ್ಲ ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ತಟ್ಟೆ ಖಾಲಿ, ನಮ್ಮ ಮನಸ್ಸಿಗೆ ಸಮಾಧಾನ. ಬೆಕ್ಕು ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ; ಊಟ ಬಿಡುವುದು ಎಷ್ಟೋ ಸಲ ನಮಗೆ ಸಿಗುವ ಮೊದಲ ಸುಳಿವು. ಅದರಲ್ಲೂ ದಪ್ಪ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿ ಜೀವಕ್ಕೇ ಕುತ್ತು. ಅಂಥ ಸುಳಿವನ್ನು ಅಳಿಸಿಹಾಕುವ ಪದ್ಧತಿಯನ್ನು ಅನುಕೂಲ ಎಂದು ಒಪ್ಪಲು ನನಗಾಗದು.

ಬೆಕ್ಕುಗಳ ವೈದ್ಯರ ಅಮೆರಿಕದ ಸಂಘ 2018ರ ತನ್ನ ಹೇಳಿಕೆಯಲ್ಲಿ ಹೇಳಿದ್ದೂ ಇದನ್ನೇ: ಸ್ವಲ್ಪ ಸ್ವಲ್ಪ, ಹಲವು ಸಲ, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಬೇರೆ ಬೇರೆ ಕಡೆ. ಮಾತು ಸರಿ. ಆದರೆ ಓದುವಾಗ ಮಹಡಿ, ನೆಲಮಾಳಿಗೆ ಇರುವ ಮನೆಗಳು ಕಣ್ಣ ಮುಂದೆ ಬರುತ್ತವೆ. ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮನುಷ್ಯರೇ ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳದೆ ಇರಲಾರರು. ಆಯಾ ಬೆಕ್ಕಿನ ಮೈಯಲ್ಲಿಟ್ಟ ಚಿಪ್ ಗುರುತಿಸಿ ಮುಚ್ಚಳ ತೆರೆಯುವ ಯಂತ್ರಗಳಿವೆ. ಒಂದಕ್ಕೆ ಔಷಧದ ಊಟ, ಇನ್ನೊಂದಕ್ಕೆ ಬೇರೆ ಎಂಬಂಥ ಮನೆಗೆ ಅವು ಬೇಕಾದಾವು. ಉಳಿದವರಿಗೆ ಬಾಗಿಲು ಸಾಕು. ನಾನು ಮಾಡಿಕೊಂಡದ್ದು ಇಷ್ಟು: ಬೆಳ್ಳಿಯ ಬಟ್ಟಲು ಫ್ರಿಜ್ಜಿನ ಮೇಲೆ, ಭೀಮನಿಗೆ ಅಷ್ಟು ಎತ್ತರ ಹಾರಲು ಮೈ ಬಿಡದು. ಕಾಳಿಗೆ ಬಟ್ಟೆ ಒಣಗಿಸುವ ಬಾಲ್ಕನಿ. ಭೀಮನನ್ನು ಮಲಗುವ ಕೋಣೆಗೆ ಸೇರಿಸಿ ಇಪ್ಪತ್ತು ನಿಮಿಷ ಬಾಗಿಲು ಹಾಕುತ್ತೇನೆ. ಅವನ ಪಾಲನ್ನು ನಾಲ್ಕು ಹೊತ್ತಿಗೆ ಹಂಚಿದ್ದರಿಂದ ಕಕ್ಕುವುದು ನಿಂತಿದೆ. ಮೊದಲ ವಾರ ಬಾಗಿಲು ಕೆರೆದು ಬಣ್ಣ ಕಿತ್ತ, ಅದು ಬೇರೆ ಮಾತು. ಈಗಲೂ ಬಾಗಿಲು ತೆರೆದೊಡನೆ ಉಳಿದ ಎರಡು ಬಟ್ಟಲುಗಳ ತಪಾಸಣೆಗೆ ಒಂದು ಸುತ್ತು ಹೋಗಿಬರುತ್ತಾನೆ. ಬಂದವರಿಗೆ ಫೋಟೋ ತೆಗೆಯುವಂಥದ್ದೇನೂ ನಮ್ಮ ಅಡುಗೆಮನೆಯಲ್ಲಿ ಉಳಿದಿಲ್ಲ.

ಬೆಳ್ಳಿ ಐದು ತಿಂಗಳಲ್ಲಿ 3 ಕಿಲೋ 100 ಗ್ರಾಂ ಆಗಿದ್ದಾಳೆ. ನಿಮ್ಮಲ್ಲೂ ಎರಡು ಮೂರು ಬೆಕ್ಕುಗಳಿದ್ದು ಒಂದೇ ತಟ್ಟೆ ಇಡುತ್ತಿದ್ದರೆ, ತಿಂಗಳಿಗೊಮ್ಮೆ ಒಂದೊಂದನ್ನೇ ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿ. ನಿಮ್ಮ ತೂಕ ಕಳೆದರೆ ಉಳಿದದ್ದು ಬೆಕ್ಕಿನದು.