ಬೃಹನ್ನಳೆಯ ಸೀಮೆ

ಮಳೆ ತಡವಾದ ವರ್ಷಗಳಲ್ಲಿ ಗುಡಿಯ ಮುಂದೆ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುವುದೆಂಬ ನಂಬಿಕೆ ಕನ್ನಡನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಬೇರೂರಿದೆ. ಆ ಪರ್ವದ ನಟ್ಟನಡುವೆ, ಪುರುಷನೆಂದಾಗಲಿ ಸ್ತ್ರೀಯೆಂದಾಗಲಿ ಲೋಕ ಒಪ್ಪದ ರೂಪವನ್ನು ತಳೆದು, ವಿರಾಟನ ಮಗಳಿಗೆ ನಾಟ್ಯವನ್ನು ಕಲಿಸುತ್ತ, ಅಜ್ಞಾತವಾಸದ ಅರ್ಜುನನೇ ಆದ ಬೃಹನ್ನಳೆ ನಿಂತಿರುವಳೆಂಬುದನ್ನು ನಾವು ಸಾಕಷ್ಟು ಮನಸ್ಸಿಗೆ ತಂದುಕೊಂಡಿಲ್ಲವೆಂದು ನನಗೆ ತೋರುತ್ತದೆ. ಮಂಡ್ಯ ಜಿಲ್ಲೆಯ ಮಾಕವಳ್ಳಿಯ ಸುತ್ತಣ ಸೀಮೆ, ಎಂದರೆ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಈ ನೆಲ, ಭಾರತಕಥೆಯನ್ನು ಓದಿದ್ದಕ್ಕಿಂತ ಹೆಚ್ಚಾಗಿ ಕುಣಿದು ಹಾಡಿದ ನೆಲ. ಮೂಡಲಪಾಯದ ಬಯಲಾಟವೂ ಅದರ ಅನಂತರ ಬಂದ ಪೌರಾಣಿಕ ನಾಟಕವೂ ಇಲ್ಲಿಯ ಜಾತ್ರೆಗಳ ಉಸಿರು. ಗಂಡುಹೆಣ್ಣುಗಳ ಗೆರೆಯನ್ನು ದಾಟಿದವರ ವಿಷಯದಲ್ಲಿ ಈ ಪರಂಪರೆ ಕೊಟ್ಟದ್ದೇನು, ಕೊಡದೆ ಹೋದದ್ದೇನು ಎಂಬುದನ್ನು ತೂಗಿ ನೋಡಬೇಕಾದ ಕಾಲ ಬಂದಿದೆ.

ಕೊಟ್ಟದ್ದು ಅಲ್ಪವಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, ರಾಮಾನುಜಾಚಾರ್ಯರ ಪಾದಸ್ಪರ್ಶದಿಂದ ಪುನೀತವಾದ ಆ ಬೆಟ್ಟದ ಮೇಲೆ, ಪಾರಾಯಣವಾಗುತ್ತ ಬಂದಿರುವ ದಿವ್ಯಪ್ರಬಂಧದಲ್ಲಿ ನಮ್ಮಾಳ್ವಾರರು ಪರಾಂಕುಶನಾಯಕಿಯಾಗಿಯೂ ತಿರುಮಂಗೈ ಆಳ್ವಾರರು ಪರಕಾಲನಾಯಕಿಯಾಗಿಯೂ, ವಿರಹಿಣಿಯ ಕಂಠದಲ್ಲಿ ಭಗವಂತನನ್ನು ಕರೆದಿದ್ದಾರೆ. ಮೀಸೆ ಹೊತ್ತ ಗೃಹಸ್ಥರು ಆ ವಿರಹವನ್ನು ತಮ್ಮದೆಂದೇ ಭಾವಿಸಿ ಹಾಡುತ್ತಾರೆ. ಶರಣನೇ ಸತಿ, ಲಿಂಗವೇ ಪತಿ ಎಂಬ ವೀರಶೈವ ಭಾವವೂ ಇದೇ ದಾರಿಯದು. ಜೇಡರ ದಾಸಿಮಯ್ಯನಂತೂ ಒಂದು ಹೆಜ್ಜೆ ಮುಂದೆ ಹೋಗಿ, ಮೈಯ ಲಕ್ಷಣಗಳನ್ನು ನೋಡಿ ಲೋಕ ಇಡುವ ಗಂಡು, ಹೆಣ್ಣು ಎಂಬ ಹೆಸರುಗಳಿಗೆ ಒಳಗಿರುವ ಆತ್ಮ ಸಿಲುಕದೆಂದು ಕೆಲವೇ ಮಾತುಗಳಲ್ಲಿ ಸಾರಿದ. ಬೆಂಗಳೂರಿನ ಧರ್ಮರಾಯನ ಗುಡಿಯ ಕರಗವನ್ನು ಹೊರುವ ಅರ್ಚಕ ಬಳೆ ತೊಟ್ಟು, ಹೆಂಡತಿಯ ತಾಳಿಯನ್ನು ತಾನು ಧರಿಸಿ, ದ್ರೌಪದಿಯಾಗಿ ಚೈತ್ರ ಪೂರ್ಣಿಮೆಯ ರಾತ್ರಿ ಊರನ್ನೆಲ್ಲ ಸುತ್ತುವಾಗ ಕೈಮುಗಿಯದವರುಂಟೆ?

ರಂಗಭೂಮಿಯ ಕಥೆಯೂ ಹೀಗೆಯೇ. ಮೂಡಲಪಾಯದಲ್ಲಿ ಸ್ತ್ರೀವೇಷವೆಲ್ಲ ಗಂಡಸರದೇ ಆಗಿತ್ತು. ಹಳ್ಳಿಯ ರೈತರು ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿಕೊಂಡು, ದುರ್ಯೋಧನನ ಪಾತ್ರಕ್ಕೆ ಇಷ್ಟು, ಕರ್ಣನ ಪಾತ್ರಕ್ಕೆ ಇಷ್ಟು ಎಂದು ತಾವೇ ಹಣ ಹೂಡಿ, ಬಾಡಿಗೆಯ ಸೀನರಿ ಕಟ್ಟಿಸಿ ಕುರುಕ್ಷೇತ್ರವನ್ನು ಆಡುವ ಪದ್ಧತಿ ಈ ಜಿಲ್ಲೆಯಲ್ಲಿ ಇಂದಿಗೂ ಜೀವಂತವಾಗಿದೆ. ಹೆಣ್ಣುಪಾತ್ರಗಳಿಗೆ ಈಗ ಹೊರಗಿನಿಂದ ಕಲಾವಿದೆಯರು ಬರುತ್ತಾರಾದರೂ ಹಿಂದೆ ಆ ಪಾತ್ರಗಳನ್ನೂ ಊರಿನ ಹುಡುಗರೇ ಕಟ್ಟುತ್ತಿದ್ದರು. ದ್ರೌಪದಿಯ ಅಳಲಿಗೆ ಸಭೆ ಕಣ್ಣೀರಿಟ್ಟಿತು. ಆದರೆ ಅದೇ ಮೆಲುನಡೆ, ಅದೇ ಮೃದುಸ್ವರ ಹುಟ್ಟಿನಿಂದಲೇ ಒಬ್ಬನಿಗೆ ಬಂದು ಮರುದಿನ ಗದ್ದೆಯ ಬದುವಿನ ಮೇಲೆ ಕಂಡರೆ, ಕಣ್ಣೀರಿಟ್ಟ ಸಭೆಯೇ ಅವನಿಗೆ ಅಡ್ಡಹೆಸರಿಟ್ಟು ಕರೆಯಿತು. ಬೆಳಗಾದೊಡನೆ ಬಣ್ಣ ಅಳಿಸಿಕೊಳ್ಳುವವನಿಗೆ ಮಾತ್ರ ಮನ್ನಣೆ ಎಂಬ ಈ ಕರಾರೇ ನಮ್ಮ ಪರಂಪರೆಯ ಮೂಲದೋಷವೆಂದು ನಾನು ತಿಳಿಯುತ್ತೇನೆ.

ಈ ದೋಷವನ್ನು ಕಾವ್ಯವೇ ಬಲ್ಲದು. ಅಂತಃಪುರದಲ್ಲಿ ವೀರಾಲಾಪ ಮಾಡಿದ ಉತ್ತರಕುಮಾರ ಕೌರವ ಸೈನ್ಯವನ್ನು ಕಂಡು ರಥದಿಂದ ಧುಮುಕಿ ಓಡುತ್ತಾನೆ. ಸಾರಥಿಯಾಗಿ ಬಂದ ಬೃಹನ್ನಳೆ ಅವನನ್ನು ಹಿಡಿದು ತಂದು, ಧೈರ್ಯ ಹೇಳಿ, ಯುದ್ಧವನ್ನು ತಾನೇ ಗೆಲ್ಲುತ್ತಾಳೆ. ಕುಮಾರವ್ಯಾಸನ ನಗೆಯೆಲ್ಲ ಇಲ್ಲಿ ಸಲ್ಲುವುದು ಗಂಡುತನವನ್ನು ಕೊಚ್ಚಿಕೊಂಡ ರಾಜಪುತ್ರನಿಗೆ. ಹೆಣ್ಣುಡುಗೆಯ ಸಾರಥಿಯ ಗಾಂಭೀರ್ಯಕ್ಕೆ ಅವನು ಊನ ತರುವುದಿಲ್ಲ. ಅತ್ತ ಅರಮನೆಯಲ್ಲಿ ಮಗನ ವಿಜಯವಾರ್ತೆಯಿಂದ ಹಿಗ್ಗಿ ಪಗಡೆಗೆ ಕುಳಿತ ವಿರಾಟನಿಗೆ, ಎದುರಿದ್ದ ಕಂಕ, ಎಂದರೆ ಮಾರುವೇಷದ ಧರ್ಮರಾಯ, ಆ ಗೆಲುವು ಬೃಹನ್ನಳೆಯದೆಂದು ಮತ್ತೆ ಮತ್ತೆ ಹೇಳಿದಾಗ, ನಪುಂಸಕನೊಬ್ಬನಿಗೆ ತನ್ನ ಮಗನ ಕೀರ್ತಿ ಸಲ್ಲುವುದನ್ನು ಸೈರಿಸಲಾಗದೆ, ಅರಸ ದಾಳವನ್ನು ಬೀಸಿ ಹೊಡೆಯುತ್ತಾನೆ. ಧರ್ಮರಾಯನ ಮುಖದಲ್ಲಿ ನೆತ್ತರು ಹರಿಯುತ್ತದೆ. ಸತ್ಯವನ್ನು ಹೇಳಿದ ತಪ್ಪಿಗೆ ಧರ್ಮನೇ ಪೆಟ್ಟು ತಿಂದ ಈ ಸನ್ನಿವೇಶಕ್ಕಿಂತ ಹೆಚ್ಚಿನ ವಿಮರ್ಶೆಯನ್ನು ನಾವೇನು ಬರೆಯಬೇಕು? ಆದರೂ ಒಂದು ಕೊರತೆಯನ್ನು ಹೇಳದಿರಲಾಗದು. ಬೃಹನ್ನಳೆಯ ರೂಪ ಊರ್ವಶಿಯ ಶಾಪದಿಂದ ಬಂದದ್ದು, ಒಂದು ವರ್ಷಕ್ಕೆ ಮುಗಿಯುವಂಥದು. ವರ್ಷ ತುಂಬಿದೊಡನೆ ಅವಳು ಗಳಿಸಿದ ಗೌರವವೆಲ್ಲ ಪಾರ್ಥನ ಪಾಲಾಗುತ್ತದೆ.

ಶಾಪದ ಅವಧಿ ಮುಗಿಯದವರ ಗತಿಯೇನೆಂಬುದಕ್ಕೆ ಶಿಖಂಡಿಯ ಕಥೆಯಿದೆ. ಉದ್ಯೋಗಪರ್ವದ ಅಂಬೋಪಾಖ್ಯಾನವನ್ನು ಓದಿದವರು ವಿರಳ. ದ್ರುಪದ ಹೆಣ್ಣುಮಗುವನ್ನು ಗಂಡೆಂದು ಸಾಕಿ, ದಶಾರ್ಣದ ಅರಸನ ಮಗಳೊಡನೆ ಮದುವೆ ಮಾಡುತ್ತಾನೆ. ನಿಜ ತಿಳಿದ ಬೀಗ ದಂಡೆತ್ತಿ ಬರುತ್ತಾನೆ. ತನ್ನಿಂದ ತಂದೆತಾಯಿಗಳಿಗೆ ವಿಪತ್ತು ಬಂದಿತೆಂದು ಆ ಮಗು ಸಾಯಲು ಕಾಡಿಗೆ ಹೋಗುತ್ತದೆ. ಅಲ್ಲಿ ಕರುಣೆಯಿಂದ ತನ್ನ ಪುರುಷತ್ವವನ್ನೇ ಕೊಟ್ಟು ಕಾಪಾಡುವವನು ಸ್ಥೂಣಾಕರ್ಣನೆಂಬ ಯಕ್ಷ, ಮನುಷ್ಯನಲ್ಲ. ಇಷ್ಟು ಆರ್ದ್ರವಾದ ಕಥೆಯನ್ನು ಜನಮನಸ್ಸು ಮರೆತು, ಭೀಷ್ಮನ ಮುಂದೆ ಮರೆಯಾಗಿ ನಿಲ್ಲಿಸಿದ ಆಕೃತಿಯೊಂದನ್ನು ಮಾತ್ರ ಉಳಿಸಿಕೊಂಡು, ಆ ಹೆಸರನ್ನು ಬೈಗುಳವಾಗಿ ಬಳಸಿತು. ನಮ್ಮ ರಂಗಪರಂಪರೆ ಎಸಗಿದ ಅನ್ಯಾಯಗಳಲ್ಲಿ ಇದು ದೊಡ್ಡದು.

ಹೊಸಗನ್ನಡದ ನವೋದಯವೂ ಇದನ್ನು ಸರಿಪಡಿಸಲಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾಗಿ ದಾಂಪತ್ಯವನ್ನು ಕನ್ನಡದ ಮನೆಮನೆಯ ಹಾಡಾಗಿಸಿತು. ಆ ಪ್ರೀತಿಯ ನಿರ್ಮಲತೆಗೆ ನಾನು ತಲೆಬಾಗುತ್ತೇನೆ. ಆದರೆ ಪ್ರೇಮವೆಂದರೆ ಗಂಡಹೆಂಡಿರ ಪ್ರೇಮವೊಂದೇ ಎಂಬ ಭಾವನೆ ಅಂದಿನ ಕಾವ್ಯದಲ್ಲೆಲ್ಲ ಎಷ್ಟು ಗಾಢವಾಗಿತ್ತೆಂದರೆ, ಗೆಳೆಯನನ್ನು ಪ್ರೀತಿಸಿದ ಹುಡುಗನಿಗೂ ಗೆಳತಿಯನ್ನು ಪ್ರೀತಿಸಿದ ಹುಡುಗಿಗೂ ತಮ್ಮ ಭಾಷೆಯಲ್ಲಿ ಒಂದು ಸಾಲು ದೊರೆಯದೆ ಹೋಯಿತು. ಆ ಮೌನವನ್ನು ಕಥೆಗಳಲ್ಲಿ ನೇರವಾಗಿ ಮುರಿದದ್ದು ವಸುಧೇಂದ್ರರ ‘ಮೋಹನಸ್ವಾಮಿ’. ಅದು ಬಂದದ್ದು 2013ರಲ್ಲಿ, ಮಲ್ಲಿಗೆಯ ಎಪ್ಪತ್ತೊಂದು ವರ್ಷಗಳ ಅನಂತರ.

ಚಲನಚಿತ್ರವನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಬಹುಕಾಲ ಅದು ಗಂಡುಹೆಣ್ಣುಗಳ ಗೆರೆಯನ್ನು ದಾಟಿದವರನ್ನು ಅಗ್ಗದ ಹಾಸ್ಯಕ್ಕೆ ದುಡಿಸಿಕೊಂಡಿತು. ತೃತೀಯ ಲಿಂಗಿ ಲೇಖಕಿ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಗೌರವಯುತವಾದ ಕೃತಿ. ಅದರ ಅಭಿನಯಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಆ ನಟನ ತಾದಾತ್ಮ್ಯ ನಿಸ್ಸಂದೇಹವಾಗಿ ಉನ್ನತವಾದದ್ದು. ಆದರೂ ಅಲ್ಲಿಯೂ ಪುರುಷನೊಬ್ಬನ ವೇಷಕ್ಕೇ ನಾವು ಚಪ್ಪಾಳೆ ತಟ್ಟಿದೆವೆಂಬುದು ಮರೆಯುವ ಸಂಗತಿಯಲ್ಲ.

ಪರಂಪರೆಯ ಕರಾರನ್ನು ನಿಜವಾಗಿ ಮುರಿದವರು ಬದುಕನ್ನೇ ಮುಂದಿಟ್ಟು ಮಾತನಾಡಿದವರು. ತೃತೀಯ ಲಿಂಗಿ ಲೇಖಕಿ ಎ. ರೇವತಿಯವರ ಆತ್ಮಕಥನವನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ರಂಗಕ್ಕೇರಿಸಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಮನೆಯಿಂದ ಹೊರಬಿದ್ದು, ಸಾವಿನ ಅಂಚಿಗೆ ಹೋಗಿ ಬಂದು, ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ದಾಸಿಮಯ್ಯನ ವಚನದ ನೆನಪು ಅದರಲ್ಲಿದೆ. ವಚನಕಾರ ಆತ್ಮವನ್ನು ಕುರಿತು ಹೇಳಿದ್ದನ್ನು ಈಕೆ ಅನ್ನ, ಬಟ್ಟೆ, ಅವಮಾನ, ಕಲೆಗಳ ನಡುವೆ ಬಾಳಿ ತೋರಿಸಿದ್ದಾರೆ. ಆದಕಾರಣ ಇವರ ಬರಹವನ್ನು ಹೊರಗಿನಿಂದ ಬಂದ ಹೊಸ ಗಾಳಿಯೆನ್ನುವವರ ಮಾತನ್ನು ನಾನು ಒಪ್ಪಲಾರೆ. ನಮ್ಮ ಭಕ್ತಿಪರಂಪರೆಗೆ ಇವರೇ ನೇರ ವಾರಸುದಾರರು.

ನ್ಯಾಯಾಂಗವೂ ಸರ್ಕಾರವೂ ತಮ್ಮ ಪಾಲಿನದನ್ನು ಕೆಲಮಟ್ಟಿಗೆ ಮಾಡಿವೆ. ತೃತೀಯ ಲಿಂಗಿಗಳ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಮಾನ್ಯಮಾಡಿತು. ವಯಸ್ಕರ ಸಲಿಂಗಪ್ರೇಮ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಸರ್ಕಾರಿ ನೌಕರಿಯಲ್ಲಿ ಶೇಕಡ 1ರಷ್ಟು ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ಜಾರಿಗೆ ತಂದಿತು. ಉಳಿದದ್ದು ಊರಿನವರ ಪಾಲು. ಮುಂದಿನ ಜಾತ್ರೆಗೆ ನಾಟಕ ಗೊತ್ತುಮಾಡುವ ಯಜಮಾನರು ಹೊರಊರಿನ ಕಲಾವಿದೆಯರನ್ನು ಕರೆಸುವಾಗ ನಮ್ಮ ಜಿಲ್ಲೆಯ ಮಂಗಳಮುಖಿ ಕಲಾವಿದರಿಗೂ ವೀಳ್ಯ ಕೊಟ್ಟು, ಇತರರಿಗೆ ಸಲ್ಲುವ ಸಂಭಾವನೆಯನ್ನೇ ಸಲ್ಲಿಸಿ ಪಾತ್ರ ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರುಗಳು ಶಿಖಂಡಿಯ ಪೂರ್ವಕಥೆಯನ್ನು ಒಂದು ಅಂಕವಾಗಿಯಾದರೂ ಕಟ್ಟಿಸಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ‘ಮೈಸೂರು ಮಲ್ಲಿಗೆ’ಯ ಪಕ್ಕದಲ್ಲಿ ‘ಮೋಹನಸ್ವಾಮಿ’, ‘ಬದುಕು ಬಯಲು’, ‘ನಡುವೆ ಸುಳಿವ ಹೆಣ್ಣು’ ಈ ಮೂರು ಪುಸ್ತಕಗಳನ್ನೂ ತರಿಸಿಡಬೇಕು. ಈ ಸೀಮೆಯ ಓದುಗರಲ್ಲಿ ಇದು ನನ್ನ ವಿನಯಪೂರ್ವಕವಾದ ಬಿನ್ನಹ.