ಮೂಡೆ ಕಟ್ಟುವ ಕೈಗೆ ಕೂಲಿ ಎಷ್ಟು?

ಅಷ್ಟಮಿ, ಚೌತಿ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ಪೇಟೆಗಳಲ್ಲಿ ಹಳ್ಳಿಯ ಹೆಂಗಸರು ಮೂಡೆ, ಕೊಟ್ಟೆಗಳ ರಾಶಿ ಹಾಕಿಕೊಂಡು ಕೂರುತ್ತಾರೆ. ಅಕ್ಕಿ, ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಲು ಎಲೆಯಲ್ಲಿ ಕಟ್ಟಿದ ಅಚ್ಚುಗಳಿವು. ಇವುಗಳ ಪರಿಮಳವನ್ನು ಹೊಗಳದವರಿಲ್ಲ. ಕಟ್ಟಿದವರ ದುಡಿಮೆಯ ಲೆಕ್ಕ ಹಾಕಿದವರು ಕಡಿಮೆ.

ಅಡುಗೆಯ ಮಟ್ಟಿಗೆ ಮೂಡೆಯ ಎಲೆಗೆ ಸಾಟಿಯಿಲ್ಲ. ಅದೇ ಹಿಟ್ಟನ್ನು ಸ್ಟೀಲ್ ಲೋಟದಲ್ಲಿ ಬೇಯಿಸಿದರೆ ಇಡ್ಲಿಯಾಗುತ್ತದೆ, ಮೂಡೆಯಾಗುವುದಿಲ್ಲ. ಬೇಯುತ್ತ ಬೇಯುತ್ತ ಎಲೆಯ ಘಮ ಹಿಟ್ಟಿಗಿಳಿಯುತ್ತದೆ. ಬಿಚ್ಚಿದರೆ ಕಡುಬಿನ ಮೈಮೇಲೆ ಸುತ್ತಿನ ಗೆರೆ ಮೂಡಿರುತ್ತದೆ. ತಿಂದ ಮೇಲೆ ಎಲೆ ಗೊಬ್ಬರದ ಗುಂಡಿಗೆ.

ಕೆಲಸ ಮಾತ್ರ ಸಲೀಸಲ್ಲ. ಹಲಸಿನೆಲೆಯ ಕೊಟ್ಟೆಗೆ ನಾಲ್ಕು ಎಲೆ ಜೋಡಿಸಿ ಕಡ್ಡಿ ಚುಚ್ಚಿದರಾಯಿತು. ಮೂಡೆ ಕಟ್ಟುವುದು ಮುಂಡೇವಿನ ಎಲೆಯಲ್ಲಿ, ಅದು ಕೇದಗೆಯ ಜಾತಿಯದು. ಎಲೆಯ ಎರಡೂ ಅಂಚಿಗೆ, ನಡುದಿಂಡಿನ ಬೆನ್ನಿಗೆ ಮುಳ್ಳು. ಮಳೆಯಲ್ಲಿ ತೋಡಿನ ಬದಿಗೆ ಹೋಗಿ ಕೊಯ್ದು ತರಬೇಕು. ಮುಳ್ಳು ಸೀಳಿ ತೆಗೆದು, ಬೆಂಕಿಯ ಮೇಲೆ ಬಾಡಿಸಿ, ಸುತ್ತಿನ ಮೇಲೆ ಸುತ್ತು ಕೂರುವಂತೆ ಕೊಳವೆ ಮಾಡಿ, ತಳ ಮುಚ್ಚಿ, ಕಡ್ಡಿ ಚುಚ್ಚಬೇಕು. ಸುತ್ತು ಸಡಿಲವಾದರೆ ಹಿಟ್ಟು ಸೋರಿತು. ಕೈ ಪಳಗದೆ ಒಲಿಯುವ ಕಸುಬಲ್ಲ ಇದು.

ಬಂಡವಾಳ ಬೇಡದ, ಮನೆಯಲ್ಲೇ ಕೂತು ಮಾಡುವ ಉಪಕಸುಬೆಂದು ಇದನ್ನು ಮೆಚ್ಚುವುದುಂಟು. ಅದು ಅರ್ಧ ಸತ್ಯ. ಎಲೆ ಪುಕ್ಕಟೆ ಸಿಕ್ಕಿತೆಂದರೆ ದುಡಿಮೆಯೂ ಪುಕ್ಕಟೆಯೆಂದು ತಿಳಿದು ಚೌಕಾಸಿಗಿಳಿಯುತ್ತೇವೆ. ಹಬ್ಬ ಕಳೆದರೆ ಗಿರಾಕಿಯಿಲ್ಲ. ಉಳಿದ ಮೂಡೆ ಒಣಗಿ ಸೀಳಿದರೆ ನಷ್ಟ ಕಟ್ಟಿದವಳದೇ. ಮೇಲಾಗಿ ತೋಡಿನ ದಂಡೆಗೆ ಕಾಂಕ್ರೀಟ್ ಗೋಡೆ ಎದ್ದಲ್ಲಿ ಮುಂಡೇವಿನ ಪೊದೆಗೆ ಜಾಗವಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧವಿದೆ, ಎಲೆಗೆ ಬೆಲೆ ಬರಬೇಕಿತ್ತು. ಆದರೆ ಪ್ಲಾಸ್ಟಿಕ್ ನಿಷೇಧಿಸಿದ ಮಾತ್ರಕ್ಕೆ ಎಲೆ ಕಟ್ಟುವವರ ಕೂಲಿ ಹೆಚ್ಚುವುದಿಲ್ಲ.

ತಿನಿಸಾಗಿ ಮೂಡೆ ಗೆದ್ದಿದೆ. ಬದುಕಿನ ದಾರಿಯಾಗಿ ಇನ್ನೂ ಗೆದ್ದಿಲ್ಲ. ಹೋಟೆಲಿನವರು, ಮದುವೆಯ ಅಡುಗೆಯವರು ವರ್ಷವಿಡೀ ಮುಂಗಡ ಕೊಟ್ಟು ಕಟ್ಟಿಸಬೇಕು. ಮಹಿಳಾ ಸ್ವಸಹಾಯ ಸಂಘಗಳು ಕೊಯ್ಲಿನ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ದರ ನಿಗದಿ ಮಾಡಬೇಕು. ಪಂಚಾಯಿತಿಗಳು ತೋಡಿನ ದಂಡೆಯಲ್ಲಿ ಮುಂಡೇವು ನೆಡಿಸಬೇಕು. ಈ ಸಲದ ಅಷ್ಟಮಿಗೆ ನಾವೂ ಮೊದಲೇ ಹೇಳಿಟ್ಟು, ಕೇಳಿದ ದರ ಕೊಟ್ಟು ಮೂಡೆ ಕೊಳ್ಳೋಣ.