ದುರ್ಯೋಧನಗೊಂದು ನ್ಯಾಯ, ಮುತ್ಯಾಗೊಂದು ನ್ಯಾಯ

ಜೇವರ್ಗಿ ಕಾಲೋನಿಯ ಬಾಡಿಗೆ ಕೋಣೆಯೊಂದರಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಕೂಡುತ್ತೇವೆ. ಇಬ್ಬರು ಹಳ್ಳಿ ಶಾಲೆಯ ಮಾಸ್ತರರು, ಉಳಿದವರು ಓದುವ ಹುಡುಗರು. ಒಂದು ಸಂಜೆ ರನ್ನನ ‘ಗದಾಯುದ್ಧ’ ಓದಿ ದುರ್ಯೋಧನನನ್ನು ಬಾಯಿ ತುಂಬ ಹೊಗಳಿದೆವು. ಮೂಲೆಯಲ್ಲಿದ್ದ ಹುಡುಗನೊಬ್ಬ ಅಂದ: “ಸರ, ತುಂಬಿದ ಸಭಾದಾಗ ಹೆಣ್ಮಗಳ ಸೀರಿ ಸೆಳಿಸಿದಾಂವಗ ಇಷ್ಟು ಕಣ್ಣೀರು ಹಾಕ್ತೀರಿ. ನಮ್ಮ ಮುತ್ಯಾ ಎರಡು ಸೇರು ತೊಗರಿ ಕದ್ದಿದ್ದಕ್ಕ ನನ್ನ ಕಥಿ ವಾಪಸ್ ಕೊಟ್ರೆಲ್ಲ?”

ಮಾತು ನಿಂತುಹೋಯಿತು. ಆ ಕಥೆ ವಾಪಸು ಮಾಡಿದವರು ನಾವೇ. ಅದರಲ್ಲಿ ಜೀತಕ್ಕಿದ್ದ ಮುದುಕ ಸಾವ್ಕಾರನ ಕಣದಿಂದ ತೊಗರಿ ಕದಿಯುತ್ತಾನೆ, ಅರ್ಧ ಮಾರಿ ಕುಡಿಯುತ್ತಾನೆ, ಮನೆಗೆ ಬಂದು ಹೆಂಡತಿಯನ್ನು ಬಡಿಯುತ್ತಾನೆ. ‘ನಮ್ಮ ಮಂದಿಯನ್ನು ನಾವೇ ಹೀಗೆ ತೋರಿಸಿದರೆ ವೈರಿಯ ಕೈಗೆ ಕೋಲು ಕೊಟ್ಟಂತೆ’ ಎಂದು ಷರಾ ಬರೆದಿದ್ದೆವು. ಆ ಷರಾದ ಲೆಕ್ಕ ಈಗ ಒಪ್ಪಿಸಬೇಕಾಗಿದೆ.

ರನ್ನನನ್ನು ನಾವು ಬಿಟ್ಟುಕೊಡುವುದಿಲ್ಲ. ಮುಧೋಳದ ಬಳೆಗಾರರ ಮನೆಯ ಈ ಹುಡುಗ ಚಾಲುಕ್ಯರ ಆಸ್ಥಾನ ಸೇರಿ, ದೊರೆಯನ್ನು ಭೀಮನಿಗೆ ಹೋಲಿಸಿ ಕಾವ್ಯ ಕಟ್ಟಿದ. ಹೆಸರಿಗೆ ನಾಯಕ ಭೀಮ. ಓದುವವರ ಎದೆ ಹಿಡಿಯುವವನು ಸೋತ ದುರ್ಯೋಧನ. ರಥವಿಲ್ಲ, ಸೈನ್ಯವಿಲ್ಲ. ಸಂಜಯನ ಜೊತೆ ಹೆಣಗಳ ನಡುವೆ ಎಡವುತ್ತ ನಡೆಯುತ್ತಾನೆ. ದ್ರೋಣನ ಹೆಣ, ಮಗನ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಕೈಮುಗಿದು, ಅಂಥ ಸಾವೇ ತನಗೂ ಬರಲಿ ಅನ್ನುತ್ತಾನೆ. ತಪ್ಪು ಮಾಡಿದವನನ್ನು ಅವನು ಮಾಡಿಸಿದ ಸಾವುಗಳ ನಡುವೆಯೇ ನಡೆಸಿ ಮನುಷ್ಯನನ್ನಾಗಿ ಕಾಣುವುದು ಸಣ್ಣ ಮಾತಲ್ಲ. ಆದರೆ ಪಂಡಿತರು ಇದನ್ನು ಪಾಠ ಮಾಡುವಾಗ ದುರ್ಯೋಧನನ ಛಲಕ್ಕೆ ಒಂದು ತಾಸು, ದ್ರೌಪದಿಯ ಬಿಚ್ಚಿದ ಮುಡಿಗೆ ಐದು ನಿಮಿಷ! ನಾವೂ ಅದೇ ಪಾಠ ಕೇಳಿ ಬೆಳೆದವರು.

ಕರ್ಣನ ಮಾತು ಬೇರೆ. ಪಂಪ 941ರಲ್ಲಿ ಭಾರತ ಬರೆದ. ಅವನ ದೊರೆ ಅರಿಕೇಸರಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಸಾಮಂತ. ಆ ಕಾವ್ಯದಲ್ಲಿ ದ್ರೋಣ ಕುಲದ ಮಾತೆತ್ತಿದಾಗ ಕರ್ಣ ಸಭೆಯಲ್ಲೇ ತಿರುಗಿ ನಿಲ್ಲುತ್ತಾನೆ. ಹುಟ್ಟಿನ ಕುಲವನ್ನೇ ತಳ್ಳಿಹಾಕುತ್ತಾನೆ. ಸಾವಿರ ವರ್ಷದ ಹಿಂದಿನ ಈ ಧ್ವನಿಗೆ ನಮ್ಮ ಮೈ ಝುಮ್ಮೆನ್ನುತ್ತದೆ. ಆದರೆ ಗೆಳೆಯರೆ, ಕಥೆಯ ಗುಟ್ಟು ನೋಡಿರಿ. ಕರ್ಣ ಕುಂತಿಯ ಮಗ, ಸೂರ್ಯನ ಮಗ ಅಂತ ನಮಗೆ ಮೊದಲೇ ಗೊತ್ತು. ಅವನಿಗಾದ ಅನ್ಯಾಯವನ್ನು ‘ಕ್ಷತ್ರಿಯನೊಬ್ಬನನ್ನು ತಪ್ಪಿ ಕೀಳಾಗಿ ಕಂಡರಲ್ಲ’ ಅಂತ ಅಳುವವರೇ ಹೆಚ್ಚು. ನಿಜವಾಗಿಯೂ ಸೂತನ ಮಗನೇ ಆಗಿದ್ದರೆ ಇಷ್ಟು ಅಳುತ್ತಿದ್ದರೇ?

ಟಿ.ವಿ. ನಮ್ಮ ಭಾಗಕ್ಕೆ ಬೆಂಗಳೂರಿಗಿಂತ ಮೊದಲೇ ಬಂತು. 1975–76ರಲ್ಲಿ ಉಪಗ್ರಹ ಪ್ರಯೋಗ ನಡೆದಾಗ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಸರಕಾರಿ ಪೆಟ್ಟಿಗೆ ಇಟ್ಟರು. ಒಕ್ಕಲುತನ, ಆರೋಗ್ಯದ ಪಾಠ. ಊರ ಮಂದಿ ಮುಂದ, ಕೇರಿ ಮಂದಿ ಹಿಂದ ಕೂತು ನೋಡಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. 1988ರಿಂದ 1990ರವರೆಗೆ ದೂರದರ್ಶನದಲ್ಲಿ ‘ಮಹಾಭಾರತ’ ಬಂದಾಗ ಭಾನುವಾರ ಬೆಳಿಗ್ಗೆ ಓಣಿಯೇ ಖಾಲಿ. ಅಲ್ಲಿಯೂ ಕರ್ಣನಿಗೆ ಕಣ್ಣೀರು, ಏಕಲವ್ಯನಿಗೆ ಒಂದು ಗಳಿಗೆ.

ಈಗಿನ ಹುಡುಗರು ಮೊಬೈಲಿನಲ್ಲಿ ‘ಬ್ರೇಕಿಂಗ್ ಬ್ಯಾಡ್’ ನೋಡುತ್ತಾರೆ. 2008ರಿಂದ 2013ರವರೆಗೆ ಬಂದ ಅಮೆರಿಕದ ಧಾರಾವಾಹಿ. ರಸಾಯನಶಾಸ್ತ್ರದ ಮಾಸ್ತರನಿಗೆ ಕ್ಯಾನ್ಸರ್. ಹೆಂಡತಿ ಮಕ್ಕಳಿಗೆ ದುಡ್ಡು ಬೇಕೆಂದು ಮಾದಕ ಪುಡಿ ಕುದಿಸಲು ನಿಲ್ಲುತ್ತಾನೆ, ಆಮೇಲೆ ಕೊಲೆ. ನಮ್ಮ ಮಾಸ್ತರರಿಬ್ಬರಿಗೂ ಅವನು ಬಹಳ ಹಿಡಿಸಿದ. (ಪಗಾರದ ಮಾತು ಬಂದಾಗ ತುಸು ಹೆಚ್ಚೇ!) ಚೆನ್ನಾಗಿಯೇ ಮಾಡಿದ್ದಾರೆ, ಸಂಸಾರಕ್ಕಾಗಿ ಅಂದದ್ದು ಸುಳ್ಳು, ತನಗಾಗಿಯೇ ಮಾಡಿದೆ ಎಂದು ಕೊನೆಗೆ ಅವನ ಬಾಯಿಂದಲೇ ಹೊರಡಿಸುತ್ತಾರೆ. ಆದರೆ ಆ ಒಂದು ಮಾತು ಕೇಳಲು ಐದು ಸೀಸನ್ ಅವನ ಜೊತೆ ಕೂರುವ ಸಹನೆ ನಮಗಿದೆ. ಕೇರಿಯ ಹುಡುಗ ಮೋಟರು ಕದ್ದು ಸಿಕ್ಕರೆ ಪೇಪರಿನಲ್ಲಿ ನಾಲ್ಕು ಸಾಲು. ಅವನು ಯಾಕೆ ಕದ್ದ ಅಂತ ಯಾರು ಕೇಳಿದರು? ಅರಸನ ತಪ್ಪು ಅವನೊಬ್ಬನದು, ನಮ್ಮವನ ತಪ್ಪು ಜಾತಿಯದು.

ಈ ಭಯಕ್ಕೇ ನಾವು ಕಲೆಯಿಲ್ಲದ ನಾಯಕನನ್ನು ಬಯಸುತ್ತೇವೆ. 2020ರಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರರ ‘ಮಹಾನಾಯಕ’ ಬಂದಾಗ ಊರೂರಿಗೆ ಫ್ಲೆಕ್ಸು ಕಟ್ಟಿದರು. ಬಾಬಾಸಾಹೇಬರ ಬಾಲ್ಯ ಮನೆಮನೆಯ ಪಡಸಾಲೆಗೆ ಬಂದದ್ದು ದೊಡ್ಡ ಸಂಗತಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಬ್ಬರ ಬಾಳು ಎತ್ತರದ್ದು ಎಂದು ಕೇರಿಯ ಪ್ರತಿಯೊಬ್ಬನೂ ಕಥೆಯೊಳಗೆ ಬರಲು ನಡತೆಯ ಸರ್ಟಿಫಿಕೇಟು ತರಬೇಕೇ?

ದೇವನೂರ ಮಹಾದೇವರ ‘ಒಡಲಾಳ’ ಅದನ್ನು ಕೇಳಲಿಲ್ಲ. ಸಾಕವ್ವನ ಮನೆಗೆ ಕದ್ದ ಕಡಲೆಕಾಯಿ (ನಮ್ಮ ಕಡೆ ಶೇಂಗಾ) ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ರಾತ್ರಿಯಿಡೀ ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ. ಆಮೇಲೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಕದ್ದದ್ದಕ್ಕೆ ಲೇಖಕ ಕ್ಷಮೆ ಕೇಳುವುದಿಲ್ಲ, ಕದ್ದವರನ್ನು ಸಂತರನ್ನಾಗಿಯೂ ಮಾಡುವುದಿಲ್ಲ, ಕೊನೆಗೆ ‘ಇವರು ಯಾವುದೋ ಅರಸನ ಮಕ್ಕಳು’ ಎಂದು ಗುಟ್ಟು ಬಿಚ್ಚುವುದೂ ಇಲ್ಲ. ಹಸಿದವರು ಹೊಟ್ಟೆ ತುಂಬ ತಿಂದ ರಾತ್ರಿಯ ಆ ಸಡಗರವನ್ನು ಓದಿದವರು ಮರೆಯಲಾರರು.

ಹುಡುಗನ ಕಥೆಯನ್ನು ಮತ್ತೆ ನೆನೆದೆವು. ಮುತ್ಯಾ ಕದ್ದದ್ದು ಅದರ ಕುಂದಲ್ಲ, ಕುಡಿದದ್ದೂ ಅಲ್ಲ. ಏಟು ತಿಂದ ಆಯಿ ಬೆಳಿಗ್ಗೆ ಎದ್ದು ಉಳಿದ ತೊಗರಿ ಬೇಯಿಸಲು ಇಡುತ್ತಾಳೆ. ಇಡೀ ಕಥೆಯಲ್ಲಿ ಅವಳದು ಒಂದು ಮಾತಿಲ್ಲ. ನಾವು ತೆಗೆಯಬೇಕಿದ್ದ ತಕರಾರು ಅದು. ದ್ರೌಪದಿಯನ್ನು ಮರೆತು ದುರ್ಯೋಧನನನ್ನು ಹೊಗಳಿದ ನಮಗೆ ಅದು ಕಾಣಲೇ ಇಲ್ಲ. ಹೀಗೆಂದು ಹುಡುಗನಿಗೆ ಚೀಟಿ ಬರೆದು, ಕಥೆ ಮರಳಿ ತಾರಪ್ಪ ಅಂತ ಕೇಳಿದ್ದೇವೆ. ಎರಡು ವಾರವಾಯಿತು, ಅವನು ಕೋಣೆಯ ಕಡೆ ಬಂದಿಲ್ಲ.